ಮುಂದಾಳು, ಮುಯ್ಯಾಳು

ಲೋಕಾಪುರ ದಾಟಿದ ಮೇಲೆ ನಮ್ಮ ಬಸ್ಸು ಒಂದು ಕಬ್ಬಿನ ಟ್ರ್ಯಾಕ್ಟರಿನ ಬೆನ್ನು ಹತ್ತಿತು. ಒಂದು ಇಂಜಿನ್, ಹಿಂದೆ ಎರಡು ಡಬ್ಬಿ, ಡಬ್ಬಿಯ ಮೇಲೆ ಆಳೆತ್ತರ ಕಬ್ಬು. ಎಡಬಲಕ್ಕೆ ಚಾಚಿಕೊಂಡ ಗಳಗಳು ಅರ್ಧ ರಸ್ತೆ ನುಂಗಿದ್ದವು. ನಮ್ಮ ಡ್ರೈವರ್ ಎರಡು ಸಲ ಹಾರ್ನ್ ಹೊಡೆದು ಸುಮ್ಮನಾದ. ಪಕ್ಕದಲ್ಲಿ ಕೂತ ರುಮಾಲಿನ ಅಜ್ಜ, "ಡಿಸೆಂಬರಿನ್ಯಾಗ ಈ ರೋಡು ನಮ್ದಲ್ರೀ, ಫ್ಯಾಕ್ಟರೀದು" ಅಂದ. ಕಿಟಕಿಯಾಚೆ ಎರಡು ಕಡೆ ಹೊಲದಲ್ಲಿ ಹೊಗೆ. ಕಬ್ಬು ಕಡಿದ ಮೇಲೆ ಉಳಿದ ರವದಿಗೆ ಬೆಂಕಿ ಇಟ್ಟಿದ್ದರು. ಕರಿ ಎಸಳುಗಳು ಹಾರಿ ಬಂದು ನನ್ನ ಬಿಳಿ ಅಂಗಿಯ ಮೇಲೆ ಕೂತವು. ಒರೆಸಿದರೆ ಇನ್ನಷ್ಟು ಹರಡುತ್ತಿದ್ದವು.

ಜಮಖಂಡಿಗೆ ನನ್ನನ್ನು ಕರೆಸಿಕೊಂಡಿದ್ದವನು ಧಾರವಾಡದಲ್ಲಿ ನನ್ನ ಕೈಯಲ್ಲಿ ಕನ್ನಡ ಕಲಿತ ಹಳೆಯ ಹುಡುಗ. ಈಗ ಪಾದ್ರಿ. ಆ ಭಾಗದ ಹಳ್ಳಿಗಳಲ್ಲಿ ಚೆದುರಿಕೊಂಡಿರುವ ಸಣ್ಣ ಸಣ್ಣ ಕ್ರೈಸ್ತ ಕುಟುಂಬಗಳ ಗುಂಪುಗಳನ್ನು ನೋಡಿಕೊಳ್ಳುತ್ತಾನೆ. ಹತ್ತು ಮನೆ ಇಲ್ಲಿ, ಹದಿನೈದು ಮನೆ ಅಲ್ಲಿ. ಪ್ರತಿ ಗುಂಪಿಗೂ ಪ್ರಾರ್ಥನೆ ನಡೆಸುವ ಒಬ್ಬಿಬ್ಬರು ಹಿರಿಯರಿರುತ್ತಾರೆ. ಅವರಿಗೆ ನಾಲ್ಕು ದಿನದ ತರಬೇತಿ. ಜಮಖಂಡಿಯಲ್ಲಿ ಒಂದು ದಿನ, ಮುಧೋಳದಲ್ಲಿ ಒಂದು, ಬೀಳಗಿಯಲ್ಲಿ ಒಂದು, ಕೊನೆಯ ದಿನ ರಬಕವಿ-ಬನಹಟ್ಟಿಯಲ್ಲಿ. "ಸರ, ನೀವು ಹೊಳಿ ಬಗ್ಗೆ ಬರೀತೀರಿ. ನಮ್ಮ ಮಂದಿಗೆ ಒಂದು ತಾಸು ಮಾತಾಡ್ರಿ, ಉಳಿದ ದಿನ ನಮ್ಮ ಜೋಡಿ ತಿರಗ್ಯಾಡ್ರಿ" ಅಂದಿದ್ದ. ನಾನು ಕ್ರೈಸ್ತನಲ್ಲ. ದೇವರ ವಿಷಯದಲ್ಲಿ ಅಂಥ ಖಚಿತ ಮನುಷ್ಯನೂ ಅಲ್ಲ. ಆದರೆ ಹೊಳೆ ಅಂದರೆ ಹೊರಟುಬಿಡುತ್ತೇನೆ.

ತಗಡಿನ ಸೂರಿನ ಒಂದು ಹಾಲು. ಬಾಗಿಲಲ್ಲಿ ಕೆಂಪು ಕಾಗದದ ನಕ್ಷತ್ರ ತೂಗುತ್ತಿತ್ತು. ಮೂಲೆಯಲ್ಲಿ ಇಬ್ಬರು ಹುಡುಗರು ಕ್ರಿಸ್ಮಸ್ಸಿನ ಗೋದಲಿಗೆ ಮಣ್ಣು ಕಲಸುತ್ತಿದ್ದರು. ಗೋಡೆಗೆ ಬ್ಯಾನರು: "ನಾಯಕತ್ವ ತರಬೇತಿ: ವಿಶ್ವಾಸ, ಶಾಂತಿ, ಸೃಷ್ಟಿಯ ಕಾಳಜಿ." ಮೂವತ್ತು-ಮೂವತ್ತೈದು ಮಂದಿ, ಅದರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಬ್ಬಳ ತೊಡೆಯ ಮೇಲೆ ಕೂಸು. ಮೊದಲಿಗೆ ಸೂಸಲಾ, ಮಿರ್ಚಿ, ಚಹಾ. ಆಮೇಲೆ ಪ್ರಾರ್ಥನೆ.

ಈ ವರ್ಷವೇ ಯಾಕೆ ಸೃಷ್ಟಿಯ ಮಾತು ಎಂದು ಪಾದ್ರಿ ಶುರುವಿನಲ್ಲೇ ಹೇಳಿದ. ಪೋಪ್ ಫ್ರಾನ್ಸಿಸ್ 2015ರಲ್ಲಿ 'ಲೌದಾತೋ ಸೀ' ಎಂಬ ಪತ್ರ ಬರೆದರು. ನಾವೆಲ್ಲ ಇರುವ ಈ ಒಂದೇ ಮನೆಯನ್ನು ನೋಡಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಅದಕ್ಕೆ 2025ಕ್ಕೆ ಹತ್ತು ವರ್ಷ ತುಂಬಿತು. ಬರೆದವರು ಅದೇ ವರ್ಷ ಏಪ್ರಿಲ್ 21ರಂದು ತೀರಿಕೊಂಡರು. ಪತ್ರದ ಹೆಸರು ಬಂದದ್ದು ಅಸಿಸಿಯ ಸಂತ ಫ್ರಾನ್ಸಿಸನ ಹಾಡಿನಿಂದ. ಆ ಹಾಡಿಗೆ ಈಗ ಎಂಟುನೂರು ವರ್ಷ. ಸೂರ್ಯನನ್ನು ಅಣ್ಣ ಅಂದವನು, ನೀರನ್ನು ತಂಗಿ ಅಂದವನು ಆ ಸಂತ.

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ತಂಗಿ ಯಾಕ್ರೀ ಫಾದರ್? ನಮಗ ಆಕಿ ಅವ್ವ. ಹೊಳೆವ್ವ." ಎಲ್ಲರೂ ನಕ್ಕರು. ಹಸಿರು ಸೀರೆ, ಹಣೆಯ ಮೇಲೆ ಹಳೆ ಹಚ್ಚೆ, ಐವತ್ತರ ಆಚೀಚೆ ವಯಸ್ಸು. ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ಎರಡೆಕರೆ ಹೊಲ, ಗಂಡ ಇಲ್ಲ, ಮಗ ಸಾಂಗಲಿಯಲ್ಲಿ ಕೆಲಸಕ್ಕೆ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ, ವಯಸ್ಸಿನಲ್ಲಿ ನಾನೇ ದೊಡ್ಡವನಾದರೂ.

ಆಮೇಲೆ ನನ್ನ ಸರದಿ. ಮಹಾಬಳೇಶ್ವರದಿಂದ ಸಮುದ್ರದವರೆಗೆ ಸುಮಾರು 1,400 ಕಿಲೋಮೀಟರ್ ಹರಿಯುವ ಕೃಷ್ಣೆಯ ಕಥೆ ಹೇಳಿದೆ. 2019ರ ಆಗಸ್ಟಿನ ಪ್ರವಾಹ ಹೇಳಿದೆ. ನೀರು ಹೆಚ್ಚಾಗಿ ಭೂಮಿ ಸವಳು-ಜವಳಾದದ್ದು ಹೇಳಿದೆ. ಬಸ್ಸಿನಲ್ಲಿ ನೋಡಿದ್ದ ಹೊಗೆ ನೆನಪಾಗಿ ಕೊನೆಗೆ ಸ್ವಲ್ಪ ದನಿ ಏರಿಸಿ, ರವದಿ ಸುಟ್ಟರೆ ಮಣ್ಣಿನ ಜೀವವೇ ಸುಡುತ್ತದೆ, ದಯವಿಟ್ಟು ಸುಡಬೇಡಿ ಎಂದೆ. ಚಪ್ಪಾಳೆ ಬಿತ್ತು. ಕೂರಬೇಕು ಅನ್ನುವಷ್ಟರಲ್ಲಿ ಅಕ್ಕ ಎದ್ದಳು.

"ನೀವು ಹೇಳಿದ್ದು ಖರೇ ಐತ್ರೀ ಸರ. ಸುಡಬಾರದಂತ ನನಗೂ ಗೊತ್ತೈತಿ. ಸುಟ್ಟ ದಿನ ಎರೆಹುಳ ವಾಸನಿ ಬರತೈತಿ, ಊಟ ಸೇರಂಗಿಲ್ಲ. ಆದ್ರ ಸುಡದಿದ್ರ ಆ ರವದಿ ಎತ್ತಿ ಸಾಲು ಬಿಟ್ಟು ಸಾಲಿಗೆ ಹಾಕಬೇಕು. ನೀರು ಬಿಡೂದರೊಳಗ ಆಗಬೇಕು. ಅದಕ್ಕ ಆಳು ಬೇಕು. ಆಳಿನ ಪಗಾರ ಯಾರು ಕೊಡತಾರ್ರಿ? ದೇವರು ಕೊಡತಾನೋ, ಫ್ಯಾಕ್ಟರಿ ಕೊಡತೈತೋ, ನೀವು ಕೊಡತೀರೋ?"

ಅವಳ ಪಕ್ಕದಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹುಡುಗನೊಬ್ಬ ಅಂಗೈ ಎತ್ತಿ ತೋರಿಸಿದ. ಗರಿ ಕೊಯ್ದ ಗೆರೆಗಳು, ಹಳೆಯವು ಕಪ್ಪಗೆ, ಹೊಸವು ಕೆಂಪಗೆ. "ಸುಟ್ಟ ಕಬ್ಬು ಕಡಿಯಾಕ ಹಗುರ ಸರ. ಸುಡಲಿ ಅಂತನ ನಾವೂ ಅಂತೀವಿ. ತಪ್ಪು ಅಂದ್ರ ತಪ್ಪು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಉತ್ತರ ಇಲ್ಲದಾಗ ಉತ್ತರ ಇದ್ದಂತೆ ಮಾತಾಡುವ ವಿದ್ಯೆ ಬರುತ್ತದೆ. ಅದನ್ನೇ ಮಾಡಿದೆ. ಸರ್ಕಾರ, ಯಂತ್ರ, ಸಬ್ಸಿಡಿ ಎಂದು ಏನೇನೋ ಅಂದೆ. ಅಕ್ಕ ಮರ್ಯಾದೆಯಿಂದ ತಲೆಯಾಡಿಸಿ ಕೂತಳು. ಅದು ಇನ್ನೂ ಕೆಟ್ಟದ್ದಾಗಿತ್ತು.

ಸಂಜೆ ಒಬ್ಬನೇ ಊರು ಸುತ್ತಿದೆ. ಜಮಖಂಡಿ ಪಟವರ್ಧನರ ಸಂಸ್ಥಾನದ ಊರು. ಗುಡ್ಡದ ಮೇಲೆ ರಾಮತೀರ್ಥದ ಅರಮನೆ, ಕೆಳಗೆ ಏರಿಳಿತದ ಓಣಿಗಳು, ಅರ್ಧ ಮರಾಠಿ ಅರ್ಧ ಕನ್ನಡದ ಮಾತು. ಗುರುದೇವ ರಾನಡೆ ಹುಟ್ಟಿದ್ದು ಈ ಊರಿನಲ್ಲೇ, 1886ರ ಜುಲೈ 3ರಂದು. ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯೂ ಆಗಿ, ಕೊನೆಗೆ ನಿಂಬಾಳದ ಆಶ್ರಮದಲ್ಲಿ 1957ರಲ್ಲಿ ದೇಹ ಬಿಟ್ಟವರು. ಶಾಲೆಯ ಹುಡುಗನಾಗಿದ್ದಾಗಲೇ, 1901ರಲ್ಲಿ, ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರಿಂದ ನಾಮ ತೆಗೆದುಕೊಂಡಿದ್ದರು. ಆ ಸಂಪ್ರದಾಯದ ಒಂದು ವಿಶೇಷ ನನಗೆ ಯಾವಾಗಲೂ ಹಿಡಿಸಿದೆ. ಅಲ್ಲಿ ಕಾವಿ ಉಡಬೇಕಿಲ್ಲ, ಮನೆ ಬಿಡಬೇಕಿಲ್ಲ. ಒಕ್ಕಲುತನ ಮಾಡುವವನು, ಕಚೇರಿಗೆ ಹೋಗುವವನು ತನ್ನ ಕೆಲಸದ ನಡುವೆಯೇ ನಾಮ ಹಿಡಿದು ಕೂರಬೇಕು. ಅಂದರೆ ತರಬೇತಿ ನಡೆಯುವುದು ಸಂತೆಯ ಗದ್ದಲದಲ್ಲಿ. ನಾನು ಧಾರವಾಡದಿಂದ ಬಂದು ತಗಡಿನ ಹಾಲಿನಲ್ಲಿ ಒಂದು ತಾಸು ಕೊಟ್ಟ ತರಬೇತಿ ನೆನೆದು ಮುಖ ಬಿಸಿಯಾಯಿತು.

ಮರುದಿನ ಮುಧೋಳಕ್ಕೆ ಹೋಗುವ ಮೊದಲು ಪಾದ್ರಿ ನಮ್ಮನ್ನು ತಿರುಗುಮುರುಗು ದಾರಿಗೆ, ಉತ್ತರಕ್ಕೆ ಚಿಕ್ಕಪಡಸಲಗಿಗೆ ಕರೆದೊಯ್ದ. ಟೆಂಪೊ ತುಂಬ ಜನ. ಅಕ್ಕ, ಗ್ಯಾಂಗಿನ ಹುಡುಗ, ಬನಹಟ್ಟಿಯಿಂದ ಬಂದಿದ್ದ ಒಬ್ಬ ಮುದುಕ ನೇಕಾರ, ಹೀಗೆ ನಾಲ್ಕೂ ದಿನ ಜೊತೆ ಬರುವವರು ಎಂಟು-ಹತ್ತು ಮಂದಿ. ಕೃಷ್ಣೆಗೆ ಅಡ್ಡವಾಗಿ ನಿಂತ ಆ ಬ್ಯಾರೇಜನ್ನು ಪುಸ್ತಕದಲ್ಲಿ ಓದಿದ್ದೆ, ನೋಡಿರಲಿಲ್ಲ. ಹೆಸರು ಶ್ರಮಬಿಂದು ಸಾಗರ. ಸರ್ಕಾರ ಕಟ್ಟಿಕೊಡಲಿಲ್ಲವೆಂದು ಕೃಷ್ಣಾ ತೀರದ ರೈತರೇ ಸಂಘ ಕಟ್ಟಿ, ವಂತಿಗೆ ಹಾಕಿ, ಮೈಮುರಿದು ದುಡಿದು 1989ರಲ್ಲಿ ಮುಗಿಸಿದ್ದು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಎರಡೇ ವರ್ಷಕ್ಕೆ, 1991ರ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಜನ ಕೊನೆಯವರೆಗೂ ಕರೆದದ್ದು 'ಬ್ಯಾರೇಜ್ ಸಿದ್ದು' ಎಂದೇ. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬ ಹಿರಿಯ ನಮ್ಮನ್ನು ನೋಡಿ ನಿಂತ. ಕಟ್ಟಿದವರಲ್ಲಿ ನೀವೂ ಇದ್ದಿರೇನು ಎಂದು ಕೇಳಿದೆ. "ನಾನು ಸಣ್ಣಾವ. ನಮ್ಮಪ್ಪ ಇದ್ದ. ಈ ಗ್ವಾಡಿಯೊಳಗ ಅವನ ಬೆವರೂ ಐತಿ" ಎಂದು ಎಮ್ಮೆಯ ಬೆನ್ನಿಗೆ ನೀರು ಎರಚಿದ.

ಇಲ್ಲಿ ಒಂದು ಮಾತು ನುಂಗಲಾರೆ. ಆ ಗೋಡೆ ನಿಂತದ್ದರಿಂದ ಬೇಸಿಗೆಯಲ್ಲೂ ನೀರು ನಿಂತಿತು. ನೀರು ನಿಂತದ್ದರಿಂದ ಕಬ್ಬು ಬಂತು. ಜೋಳ, ಕುಸುಬೆ, ಕಡಲೆ ಹಿಂದೆ ಸರಿದವು. ಕಬ್ಬಿಗೆ ಕಂಡಾಪಟ್ಟೆ ನೀರು ಬಿಟ್ಟ ಕಡೆ ಕರಿಮಣ್ಣಿನ ಮೇಲೆ ಬಿಳಿ ಉಪ್ಪು ಎದ್ದಿತು. ಬೆವರು ಸುರಿಸಿದವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನೀರಿಲ್ಲದೆ ಗುಳೆ ಹೋಗುತ್ತಿದ್ದ ನಾಡು ಇದು. ಆದರೆ ಒಂದು ಪ್ರಶ್ನೆಗೆ ಮೈಮುರಿದು ಉತ್ತರ ಕಟ್ಟಿದ ಜನರ ಮುಂದೆಯೇ ಆ ಉತ್ತರ ಇನ್ನೊಂದು ಪ್ರಶ್ನೆಯಾಗಿ ಬಂದು ನಿಂತಿದೆ. ಅಕ್ಕ ಮಾತ್ರ ಗೋಡೆಯನ್ನು ಬೇರೆ ರೀತಿ ನೋಡುತ್ತಿದ್ದಳು. "ಮೊದಲ ಪಗಾರ ಯಾರು ಕೊಟ್ರು ಇವರಿಗೆ?" ಎಂದು ಪಾದ್ರಿಯನ್ನು ಕೇಳಿದಳು. "ಯಾರೂ ಕೊಡಲಿಲ್ಲ ಅಕ್ಕಾ. ತಮ್ಮ ಕೆಲಸ ತಾವು ಮಾಡಿದ್ರು." "ಹಂಗೇನು" ಎಂದು ಸುಮ್ಮನಾದಳು.

ಮುಧೋಳದ ದಿನ ಶಾಂತಿಯ ಪಾಠ. ತಿಂಗಳ ಹಿಂದೆಯಷ್ಟೇ ಆ ಸೀಮೆ ಅಶಾಂತಿ ಕಂಡಿತ್ತು. 2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಗೆ ಇಳಿದಿದ್ದರು. ಸರ್ಕಾರ 3,300 ಎಂದಿತು. ಮುಧೋಳದ ರೈತರು ಒಪ್ಪಲಿಲ್ಲ. ಒಂದು ಸಂಜೆ ಕಬ್ಬು ತುಂಬಿ ನಿಂತ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ಯಾರು ಹಚ್ಚಿದರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ನಮ್ಮ ಹಾಲಿನಲ್ಲಿ ಕೂತಿದ್ದವರಲ್ಲಿ ಬೆಲೆ ಸಾಲದೆಂದು ಕೂಗಿದವರಿದ್ದರು. ಟ್ರ್ಯಾಕ್ಟರ್ ಓಡಿಸಿ ಹೊಟ್ಟೆ ಹೊರೆಯುವವರಿದ್ದರು. ಗ್ಯಾಂಗಿನವರೂ ಇದ್ದರು. ಮುಷ್ಕರದ ಹದಿನೈದು ದಿನ ಅವರಿಗೆ ಕೆಲಸವೇ ಇರಲಿಲ್ಲ.

ಪಾದ್ರಿ ಪಾಠ ಹೇಳಲಿಲ್ಲ, ಅವರನ್ನು ಎದುರುಬದುರು ಕೂರಿಸಿದ. ಒಬ್ಬರು ಹೇಳಿ ಮುಗಿಸಿದ ಮೇಲೆ ಎದುರಿನವರು ಅದನ್ನು ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು. ಹೇಳಿದವರು "ಹೌದು, ನಾ ಹೇಳಿದ್ದು ಇದ" ಅಂದ ಮೇಲೆಯೇ ತಮ್ಮ ಮಾತು ಶುರು ಮಾಡಬೇಕು. ಸಣ್ಣ ಆಟದಂತೆ ಕಂಡಿತು. ಟ್ರ್ಯಾಕ್ಟರ್ ಮಾಲಕನೊಬ್ಬನ ಮಾತು ಮೂರು ಸಲ ಸೋತಿತು. "ಸಾಲದ ಕಂತು" ಎಂದವನು ಅವನು. ಎದುರಿನ ರೈತ ತಿರುಗಿ ಹೇಳುವಾಗ ಅದು "ಬಾಡಿಗಿ ದುರಾಸೆ" ಆಗುತ್ತಿತ್ತು. ನಾಲ್ಕನೆಯ ಸಲ ಆ ರೈತ ಒಂದು ಗಳಿಗೆ ಸುಮ್ಮನಿದ್ದು, "ಟ್ರ್ಯಾಕ್ಟರ್ ಸುಟ್ರೂ ಕಂತು ಸುಡಂಗಿಲ್ಲ ಅಂತಾನ" ಎಂದ. ಮಾಲಕ ಕಣ್ಣು ಒರೆಸಿಕೊಂಡ.

ಮುಧೋಳದಲ್ಲಿ ಕೂತು ನನಗೆ ರನ್ನ ನೆನಪಾಗದೆ ಇದ್ದೀತೇ? ಹತ್ತನೆಯ ಶತಮಾನದ ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರು ಇಂಥ ನಾಡಿನಲ್ಲಿ, ಜಂಬುಖಂಡಿ ಎಪ್ಪತ್ತರ ಸೀಮೆಯಲ್ಲಿ ಎಂದು ಅವನೇ ಗುರುತು ಹೇಳಿಕೊಂಡಿದ್ದಾನೆ. ಬಳೆಯ ಮಲಾರ ಬಿಟ್ಟು ವಿದ್ಯೆ ಬೇಕೆಂದು ಗಂಗರ ನಾಡಿಗೆ ನಡೆದ. ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಶ್ರಯ ಕೊಟ್ಟ. ಅತ್ತಿಮಬ್ಬೆ ಬರೆಸಿದ್ದರಿಂದ 993ರಲ್ಲಿ ಅಜಿತಪುರಾಣ ಆಯಿತು. ಧರ್ಮದ ಸಮುದಾಯವೊಂದು ಬಡವರ ಮನೆಯ ಹುಡುಗನನ್ನು ಕಲಿಸಿ ಎತ್ತಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಈ ಸೀಮೆಯಲ್ಲಿ ನನಗೆ ಗೊತ್ತಿಲ್ಲ. ಅದೇ ರನ್ನ ಗದಾಯುದ್ಧ ಬರೆದ. ಸಂಧಿ ಮಾಡಿಕೊ ಎಂದು ಭೀಷ್ಮ ಹೇಳುತ್ತಾನೆ, ದುರ್ಯೋಧನನಿಗೆ ಕೇಳಿಸುವುದಿಲ್ಲ. ಎಲ್ಲರೂ ಸತ್ತ ಮೇಲೆ ಸರೋವರದ ತಣ್ಣೀರಿನಲ್ಲಿ ಅಡಗಿ ಕೂತರೂ ಅವನ ಮೈಯ ಕಾವು ಇಳಿಯುವುದಿಲ್ಲ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೆನೋ. ಎದುರಿನವನ ಮಾತನ್ನು ತಿರುಗಿ ಹೇಳಿ ಅವನಿಂದ "ಹೌದು" ಅನ್ನಿಸಿಕೊಳ್ಳುವ ಒಂದು ಆಟ ಕೌರವರ ಸಭೆಯಲ್ಲೂ ಇದ್ದಿದ್ದರೆ ಎಂಬ ತರಲೆ ಯೋಚನೆ ಮಾತ್ರ ಅವತ್ತೇ ಮೊದಲು ಬಂದದ್ದು.

ಮಧ್ಯಾಹ್ನದ ಊಟದಲ್ಲಿ ಮಾತು ಮೊಹರಮ್ಮಿನತ್ತ ಹೊರಳಿತು. ಅಲೈ ದೇವರ ಡೋಲಿ, ಹೆಜ್ಜೆ ಕುಣಿತ, ರಿವಾಯತ್ ಪದ. ಒಬ್ಬ ಮುಸಲ್ಮಾನನೂ ಇಲ್ಲದ ಹಳ್ಳಿಯಲ್ಲಿ ಹಿಂದೂಗಳೇ ಪಂಜಾ ಕೂರಿಸುವ ನಾಡು ಇದು. "ನಮ್ಮ ಊರಾಗ ನಾನೂ ಕುಣಿದೇನ್ರಿ, ದೀಕ್ಷಾ ಆದಮ್ಯಾಲೂ" ಎಂದು ಮುದುಕ ನೇಕಾರ ಪಾದ್ರಿಯ ಮುಖ ನೋಡಿದ. ಪಾದ್ರಿ ರೊಟ್ಟಿ ಮುರಿಯುತ್ತ, "ಕಾಲು ನೋಯ್ತೋ ಇಲ್ಲೋ?" ಎಂದ. ಅಷ್ಟೇ.

ಬೀಳಗಿಗೆ ಹೋಗುವಾಗ ದಾರಿಯಲ್ಲಿ ಕುರುಚಲು ಗುಡ್ಡಗಳು. ಮುಧೋಳ-ಬೀಳಗಿ ತಾಲ್ಲೂಕುಗಳ ನಡುವೆ ಯಡಹಳ್ಳಿಯ ಚಿಂಕಾರ ವನ್ಯಧಾಮ, ಸುಮಾರು 96 ಚದರ ಕಿಲೋಮೀಟರ್. ಕಬ್ಬಿನ ಹಸಿರು ನೋಡಿ ನೋಡಿ ಸಾಕಾಗಿದ್ದ ಕಣ್ಣಿಗೆ ಆ ಒಣಕಲು ಬಣ್ಣ ಹಾಯೆನಿಸಿತು. ಬಹಳ ದಿನ ನೀರು ಕುಡಿಯದೆ ಬದುಕಬಲ್ಲ ಆ ಸಣ್ಣ ಹುಲ್ಲೆ ಕಾಣಿಸೀತೇ ಎಂದು ಕಿಟಕಿಗೆ ಮುಖ ಒತ್ತಿ ಕೂತೆ. ಕುರಿ ಹಿಂಡು ಕಂಡಿತು, ನವಿಲು ಕಂಡಿತು, ಚಿಂಕಾರ ಕಾಣಲಿಲ್ಲ.

ಬೀಳಗಿಯ ದಿನ ಯಾಕೋ ಸಪ್ಪೆಯಾಯಿತು. ಕರೆದ ಕೆಲವರು ಬರಲಿಲ್ಲ, ಮೈಕು ಕೆಟ್ಟಿತು. ಆದರೂ ಒಂದು ಸಂಗತಿ ಉಳಿಯಿತು. ಅಲ್ಲಿ ಬಂದಿದ್ದ ಬಹಳ ಜನ ಪುನರ್ವಸತಿ ಕೇಂದ್ರದವರು. ಆಲಮಟ್ಟಿಯ ಹಿನ್ನೀರು ಅವರ ಊರನ್ನು ನುಂಗಿದೆ. ಅಣೆಕಟ್ಟನ್ನು ಈಗಿನ 519.6 ಮೀಟರಿನಿಂದ 524.256ಕ್ಕೆ ಎತ್ತರಿಸುವ ಮಾತು ಇನ್ನೂ ತೂಗುತ್ತಿದೆ. ಆ ಅಂಕಿಯನ್ನು ಅಲ್ಲಿನ ಮಕ್ಕಳೂ ದಶಮಾಂಶ ತಪ್ಪದೆ ಹೇಳುತ್ತಾರೆ, ಮಗ್ಗಿ ಹೇಳಿದಂತೆ. ಸಂಜೆ ನಮ್ಮನ್ನು ಹಿನ್ನೀರಿನ ದಂಡೆಗೆ ಕರೆದೊಯ್ದರು. ಕೃಷ್ಣೆಗೆ ಘಟಪ್ರಭೆ ಕೂಡುವ ಚಿಕ್ಕಸಂಗಮ ಆ ಕಡೆ, ಹಿನ್ನೀರು ಏರಿದಾಗ ಸಂಗಮನಾಥನ ಗುಡಿಯೂ ನೀರಿನಲ್ಲಿ ನಿಲ್ಲುತ್ತದೆ. ದೂರ ನೀರಿನಂಚಿಗೆ ಬಿಳಿ ಚುಕ್ಕಿಗಳ ಒಂದು ಸಾಲು. ಪಟ್ಟಣದಿಂದ ಕ್ಯಾಮೆರಾ ಹೊತ್ತು ಬರುವವರು ಹುಡುಕುವ ರಾಜಹಂಸವೋ ಬರೀ ಬೆಳ್ಳಕ್ಕಿಯೋ, ನನ್ನ ಕಣ್ಣಿಗೆ ತಿಳಿಯಲಿಲ್ಲ. ಒಬ್ಬ ಅಜ್ಜಿ ನೀರಿನ ನಡುವಿಗೆ ಬೆರಳು ಮಾಡಿ, "ಅಲ್ಲಿ ನಮ್ಮ ಹುಣಸಿ ಗಿಡ ಇತ್ತು, ಅದರ ಬುಡಕ ನಮ್ಮತ್ತಿ ಗೋರಿ" ಎಂದಳು. ನಮಗೆ ಕಾಣುತ್ತಿದ್ದುದು ನೀರು. ಅವಳು ಗಿಡ ನೋಡುತ್ತಿದ್ದಳು. ಹೊಸ ಊರಿಗೆ ಬಂದ ವರ್ಷವೇ ಅವಳು ಹುಣಸೆ ನೆಟ್ಟಿದ್ದಾಳಂತೆ. ಅದರ ನೆರಳಿನಲ್ಲೇ ಅವರ ವಾರದ ಪ್ರಾರ್ಥನೆ.

ವಾಪಸ್ ಟೆಂಪೊದಲ್ಲಿ ಪಾದ್ರಿ ನಾನು ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಹೇಳಿದ. "ಸರ, ನಮ್ಮ ತರಬೇತಿಯ ಪುಸ್ತಕ ರೋಮಿನಿಂದ ಬರತೈತಿ. ಆದ್ರ ಮಾದರಿ ಇಲ್ಲೇ ಸಿಗತಾವ." ಇಳಕಲ್ಲಿನ ಮಹಾಂತ ಸ್ವಾಮಿಗಳ ಮಾತು ತೆಗೆದ. ಸ್ವಾಮಿಗಳು ಭಿಕ್ಷೆಯ ಜೋಳಿಗೆ ಹಿಡಿದು ಬರುವುದು ಹೊಸದಲ್ಲ. ಇವರು 1975ರಿಂದ ಹಿಡಿದು ಹೊರಟ ಜೋಳಿಗೆಗೆ ಜನ ಹಾಕಬೇಕಾದದ್ದು ತಮ್ಮ ಕುಡಿತ, ಬೀಡಿ, ಗುಟಕಾ. ಅವರು ಹುಟ್ಟಿದ ಆಗಸ್ಟ್ 1 ಈಗ ನಾಡಿನಲ್ಲಿ ವ್ಯಸನಮುಕ್ತ ದಿನ. ಇನ್ನೊಬ್ಬರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. ಅವರ ಪ್ರವಚನ ಎಂದರೆ ಬೆಳಗಿನ ಆರಕ್ಕೇ ಮೈದಾನ ತುಂಬುತ್ತಿತ್ತು. ನಾನೂ ಒಮ್ಮೆ ಕೇಳಿದ್ದೆ. ಮಾವಿನ ಎಲೆ ಹೇಗೆ ಚಿಗುರುತ್ತದೆ ಎನ್ನುವುದನ್ನೇ ಇಪ್ಪತ್ತು ನಿಮಿಷ ಹೇಳಿದ ನೆನಪು. ಪದ್ಮಶ್ರೀ ಬೇಡವೆಂದವರು. ಅವರ ಅಂಗಿಗೆ ಜೇಬಿರಲಿಲ್ಲ. ತಮಗೆ ಗುಡಿ, ಸ್ಮಾರಕ ಕಟ್ಟಬಾರದು, ಸುಟ್ಟು ಬೂದಿಯನ್ನು ನೀರಿಗೆ ಬಿಡಿ ಎಂದು 2014ರಲ್ಲೇ ಬರೆದಿಟ್ಟು, 2023ರ ಜನವರಿ 2ರಂದು ಹೋದರು. "ಪುಸ್ತಕದಾಗಿಂದು ಮರೀತಾರ್ರಿ ಸರ. ಜೇಬಿಲ್ಲದ ಅಂಗಿ ಯಾರೂ ಮರೆಯಂಗಿಲ್ಲ" ಎಂದ ನನ್ನ ಹುಡುಗ. ನನ್ನ ಕೈ ತಾನಾಗಿಯೇ ನನ್ನ ಜೇಬಿನ ಮೇಲೆ ಹೋಯಿತು. ಫೋನು ಇದೆಯೋ ನೋಡಲು.

ಬನಹಟ್ಟಿ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಬೀಳುತ್ತದೆ. ಓಣಿಗೆ ಕಾಲಿಟ್ಟರೆ ಎಡಬಲದ ಮನೆಗಳಿಂದ ಪವರ್‌ಲೂಮಿನ ಖಟಖಟ. ಮಾತು ಅರ್ಧಕ್ಕರ್ಧ ಅದರಲ್ಲಿ ಮುಳುಗುತ್ತದೆ. ಅಲ್ಲಿನ ಜನ ಹೀಗಾಗಿಯೇ ಗಟ್ಟಿಯಾಗಿ ಮಾತಾಡುತ್ತಾರೆ. ಬೇರೆ ಊರಿನವರಿಗೆ ಜಗಳದಂತೆ ಕೇಳುತ್ತದೆ. ಕೊನೆಯ ದಿನದ ತರಬೇತಿ ಮುದುಕ ನೇಕಾರನ ಮನೆಯ ಪಡಸಾಲೆಯಲ್ಲಿ. ಒಳಗೆ ಮಗ ನಾಲ್ಕು ಮಗ್ಗ ನಡೆಸುತ್ತಿದ್ದ. ಹಾಸು ನೀಲಿ, ಹೊಕ್ಕು ಕೆಂಪು, ಲಾಳಿ ಕಣ್ಣಿಗೆ ಸಿಗದಷ್ಟು ಬಿರುಸು.

ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಒಂದೇ ಸಲಕ್ಕೆ ಇಡೀ ಓಣಿ ನಿಂತಿತು. ಎಲ್ಲೋ ಒಂದು ಕೋಳಿ ಕೂಗಿದ್ದು ಕೇಳಿಸಿತು. ಕಿವಿಗೆ ಎಷ್ಟು ಹಿತವಾಯಿತೆಂದರೆ, "ಅಬ್ಬಾ, ಏನು ಶಾಂತಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಮಗ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಹೊಸ್ತಿಲಲ್ಲಿ ಕೂತ. "ಇದು ಶಾಂತಿ ಅಲ್ರಿ ಸರ. ಇದು ಖಾಲಿ" ಎಂದ. ನೇಯ್ದಷ್ಟಕ್ಕೆ ಕೂಲಿ. ನಿಂತ ಮಗ್ಗಕ್ಕೆ ಯಾರೂ ಕಾಸು ಕೊಡುವುದಿಲ್ಲ. ನಾಲ್ಕು ದಿನದಲ್ಲಿ ಎರಡನೆಯ ಸಲ ನನ್ನ ಬಾಯಿ ಕಟ್ಟಿತು.

ಮುಂದಿನ ಒಂದೂವರೆ ತಾಸು ಯಾರೂ ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಎಳ್ಳಮಾಸಿಗೆ ಎರಡೇ ದಿನ ಉಳಿದಿತ್ತು. ಊರಿಗೆ ಊರೇ ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸುವ ದಿನ. ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ. "ನಾವು ಚರಗ ಚೆಲ್ಲಬಹುದೇನ್ರಿ ಫಾದರ್?" ಎಂದು ಒಬ್ಬ ಹೆಣ್ಣುಮಗಳು ಮೆಲ್ಲಗೆ ಕೇಳಿದಳು. ಪಡಸಾಲೆಯಲ್ಲಿ ಇದು ದೊಡ್ಡ ಪ್ರಶ್ನೆ ಎನ್ನುವುದು ಎಲ್ಲರೂ ಕತ್ತು ತಗ್ಗಿಸಿದ್ದರಲ್ಲೇ ತಿಳಿಯಿತು. ಪಾದ್ರಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಉಣ್ಣೋ ಮೊದಲು ಭೂಮಿಗೆ ಒಂದು ತುತ್ತು ಇಡೂದು ನಮ್ಮವ್ವನೂ ಮಾಡತಿದ್ದಳು. ದೇವರಿಗೆ ಸ್ತೋತ್ರ ಹೇಳಿ ಇಡತಿದ್ದಳು. ನನ್ನ ಪಾಲಿನ ಕಡಬು ಕಳಿಸೂದು ಮರೀಬ್ಯಾಡ" ಎಂದ.

ಆಗ ಅಕ್ಕ ಎದ್ದಳು. "ಚರಗ ಚೆಲ್ಲಿದ ಹೊಲಕ್ಕ ಎಂಟು ದಿನಕ್ಕ ಬೆಂಕಿ ಇಡೂದು ಹೆಂಗ್ರೀ? ಬರೂ ವಾರ ನನ್ನ ಕಟಾವಿನ ಪಾಳಿ ಬರತೈತಿ. ಎರಡೆಕರೆ. ನಾನು ಈ ಸಲ ಸುಡಂಗಿಲ್ಲ. ಪಗಾರ ಕೊಡಾಕ ನನ್ನ ಕಡೆ ಇಲ್ಲ. ಮುಯ್ಯಾಳ ಬರ್ರಿ. ನಿಮ್ಮ ಹೊಲಕ್ಕ ನಾ ಬರತೀನಿ."

ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡು ಕೈ ಬದಲಿಸುವುದಿಲ್ಲ. ನಾನು ಸಣ್ಣವನಿದ್ದಾಗ ಮನೆಯಲ್ಲಿ ದಿನವೂ ಕೇಳುತ್ತಿದ್ದ ಮಾತು, ಈಗ ಯಾವ ಹೊಲದಲ್ಲೂ ಕೇಳಿಸುವುದಿಲ್ಲ. ಇಲ್ಲೂ ಕಟ್ಟಿದ್ದ ಬ್ಯಾನರಿನ ಮೇಲೆ 'ನಾಯಕತ್ವ' ಎಂದಿತ್ತು. ಮುದುಕ ನೇಕಾರ ಅದನ್ನು ನೋಡಿ, "ಮುಂದಾಳಾಗ್ರಿ ಅಂತ ಕರದ್ರು, ಇಕಿ ಮುಯ್ಯಾಳು ಮಾಡಿದಳು" ಎಂದು ಬೊಚ್ಚುಬಾಯಲ್ಲಿ ನಕ್ಕ.

ಮೂವರು ಕೈ ಎತ್ತಿದರು. ನಾಲ್ಕನೆಯವನು ಗ್ಯಾಂಗಿನ ಹುಡುಗ. ಅರ್ಧ ಎತ್ತಿ ಇಳಿಸಿದ. "ನಾ ಬರತೀನಿ ಅಕ್ಕಾ. ಆದ್ರ ನನಗ ಮುಯ್ಯಿ ತೀರಿಸಾಕ ನನ್ನ ಹೊಲ ಎಲ್ಲೈತಿ?"

ಪಡಸಾಲೆ ಮತ್ತೆ ಮೌನವಾಯಿತು. ಈ ಸಲ ಬಾಯಿ ತೆರೆಯಬಾರದೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಮುಯ್ಯಿ ಎಂಬುದು ಹೊಲ ಇದ್ದವರ ವ್ಯವಹಾರ, ಇಲ್ಲದವನು ಎಂದಿದ್ದರೂ ಆಳೇ ಎನ್ನುವುದು ಆ ಹಳೆಯ ಪದದ ಒಳಗೇ ಇದೆ. ನನ್ನ ಬಾಲ್ಯದ ನೆನಪಿನಲ್ಲಿ ಆ ಭಾಗ ಇರಲೇ ಇಲ್ಲ. ಅಕ್ಕ ಯೋಚಿಸಲಿಕ್ಕೂ ಹೊತ್ತು ತೆಗೆದುಕೊಳ್ಳಲಿಲ್ಲ. "ನಿನ್ನ ಮನಿ ಮ್ಯಾಲಿನ ತಗಡು ಸೋರತೈತಲ್ಲೋ ತಮ್ಮಾ. ಮಳಿಗಿಂತ ಮೊದಲ ಎಲ್ಲಾರೂ ಬಂದು ಹೊದಿಸಿಕೊಡತೀವಿ. ಬರಕೋ ಅದನ್ನ."

"ಹಂಗಂದ್ರ ನಾನು?" ಎಂದ ನೇಕಾರನ ಮಗ ಹೊಸ್ತಿಲಿಂದ.

"ನೀ ಕರೆಂಟ್ ಹೋದ ದಿನ ಬಾ."

ನಗು ಮುಗಿಯುವುದರೊಳಗೆ ಕರೆಂಟ್ ಬಂತು. ಓಣಿ ಓಣಿಯೇ ಖಟಖಟ ಎಂದು ಎದ್ದಿತು. ಅವನು ಒಳಗೆ ಓಡಿದ. ಉಳಿದ ಮಾತೆಲ್ಲ ಕಿವಿಯ ಹತ್ತಿರ ಬಾಯಿ ಇಟ್ಟು ಆಡಬೇಕಾಯಿತು. ಅಕ್ಕ ಮಗನ ಹಳೆಯ ಶಾಲಾ ನೋಟುಬುಕ್ಕಿನ ಹಿಂದಿನ ಪುಟ ತೆರೆದು, ಗೆರೆ ಎಳೆದು, ಹೆಸರು ಬರೆಯತೊಡಗಿದಳು. ಹೆಸರು, ಬರುವ ದಿನ, ತೀರಿಸಬೇಕಾದ್ದು ಎಂದು ಮೂರು ಮನೆ. ಬರೆಯುವುದು ನಿಧಾನ, ಒತ್ತಿ ಒತ್ತಿ. ಪೆನ್ನಿನ ಗುರುತು ಹಿಂದಿನ ಹಾಳೆಗೂ ಮೂಡುತ್ತಿತ್ತು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೋಗಿಬರುತ್ತೇನೆ ಎಂದು ಹೇಳಲು ಅವಳ ಹತ್ತಿರ ಬಗ್ಗಿದೆ. ಮೂರು ಗಂಟೆಗೆ ಬಸ್ಸಿತ್ತು. ಅವಳು ತಲೆ ಎತ್ತಲಿಲ್ಲ. ಪಟ್ಟಿಯ ಕೊನೆಗೆ "ಧಾರವಾಡ ಸರ" ಎಂದು ಬರೆದು ಮುಗಿಸಿದ್ದಳು. ಕುಡುಗೋಲು ಹಿಡಿದು ಗೊತ್ತೇ, ಬಿಸಿಲು ತಡೆಯುತ್ತೀರಾ ಎಂದು ಏನೂ ಕೇಳಲಿಲ್ಲ.

"ಯಾವ ದಿನ ಅಂತ ಬರಕೊಳ್ಳಲ್ರೀ?" ಎಂದಳು.